ಗಿಣ್ಣ ಸಿಗದ ಕರು

ಅವ್ವನನ್ನು ಬೆಳಗಾವಿಯ ದವಾಖಾನೆಗೆ ಕರೆದೊಯ್ಯಲೆಂದು ಲ್ಯಾಬಿಗೆ ರಜೆ ಹಾಕಿ ಮೂಡಲಗಿಗೆ ಬಂದಿದ್ದೆ. ಅವಳ ಎದೆಯ ಗಡ್ಡೆ ತೆಗೆದು ವರ್ಷವಾಗಿತ್ತು, ಮತ್ತೊಮ್ಮೆ ತೋರಿಸಬೇಕಿತ್ತು. ನಾನು ಬರುವಷ್ಟರಲ್ಲಿ ಎಮ್ಮೆ ಈದಿತ್ತು. ಕರುವಿಗೆ ಭೇದಿ ಹಿಡಿದು ಅದು ಏಳಲಾರದೆ ಮಲಗಿತ್ತು.

"ಇದನ್ನ ಬಿಟ್ಟ ಹೆಂಗ ಬರ್ಲಿ? ಕರ ಸತ್ರ ಎಮ್ಮಿ ಹಿಂಡಾಕ ಕೊಡೂದಿಲ್ಲ," ಎಂದಳು ಅವ್ವ.

ಗಿಣ್ಣ ಕುಡಿಸಿದ್ದೆಯಾ ಎಂದು ಕೇಳಿದೆ. ಈದ ಎಮ್ಮೆಯ ಮೊದಲ ಹಾಲನ್ನು ಓಣಿಗೆಲ್ಲ ಹಂಚುವುದು ನಮ್ಮಲ್ಲಿ ಪದ್ಧತಿ. ಅವ್ವನ ಆಪರೇಶನ್ ಆದಾಗ ನಮ್ಮ ಮನೆಗೆ ರೊಟ್ಟಿ ಕಳಿಸಿದ್ದ ಒಂದು ಮನೆಯನ್ನೂ ಅವಳು ಬಿಟ್ಟಿರಲಿಲ್ಲ. ಕರುವಿನ ಬಾಯಿಗೆ ಸಿಕ್ಕಿದ್ದು ಬೆರಳು ಅದ್ದಿ ನೆಕ್ಕಿಸಿದಷ್ಟೇ.

"ದಪ್ಪ ಹಾಲು, ಕರಕ್ಕ ಪಚನ ಆಗೂದಿಲ್ಲ," ಎಂದಳು. ರೋಗ ತಡೆಯುವ ಶಕ್ತಿಯೆಲ್ಲ ಆ ಹಾಲಿನಲ್ಲೇ ಇರುತ್ತದೆ ಎಂದು ಕೂಗಾಡಿದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದೂ ಅಂದುಬಿಟ್ಟೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಹೆದರಿದಾಗಲಂತೂ ಕೇಳುವುದೇ ಬೇಡ.

ದನದ ಡಾಕ್ಟರು ಬಂದು ನೋಡಿದರು. "ಕೊರೊನಾ ಅಂತ ಒಂದು ವೈರಸ್ ಐತ್ರಿ, ಕರಗಳಿಗೆ ಹತ್ತತೈತಿ. ಅದ ಇರಬಹುದು. ಅದಕ್ಕ ಔಷಧ ಇಲ್ರಿ ಅವ್ವಾರ. ಉಪ್ಪು ಸಕ್ಕರಿ ಹಾಕಿ ನೀರ ಕುಡಸ್ರಿ, ಬೆಚ್ಚಗ ಇಡ್ರಿ."

"ಮೊದಲ ನೀರ ನೀರ ಹೋಗಾಕತ್ತೈತಿ, ಮತ್ತ ನೀರ ಕುಡಸೂದ?" ಅವ್ವ ನನ್ನ ಮುಖ ನೋಡಿದಳು. ಇದು ಕೋವಿಡ್‌ಗಿಂತ ಎಷ್ಟೋ ವರ್ಷ ಮೊದಲಿನ ಮಾತು; ಕೊರೊನಾ ಎಂಬ ಹೆಸರು ಆಗ ನಮ್ಮೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕರುವಿನ ತಲೆಯನ್ನು ಅವ್ವ ತೊಡೆಯ ಮೇಲೆ ಹಿಡಿದಳು, ನಾನು ಬಾಟಲಿಯಿಂದ ಗುಟುಕು ಗುಟುಕಾಗಿ ಹಾಕಿದೆ. "ನೀ ಓದೂದರಾಗ ಇದಕ್ಕ ಏನೂ ಇಲ್ಲೇನ?" ಎಂದು ಕೇಳಿದಳು.

ನಾನು ಓದುತ್ತಿದ್ದುದು ಪಿ53 ಎಂಬ ಪ್ರೋಟೀನಿನ ಬಗ್ಗೆ. ಜೀವಕೋಶ ಕೆಟ್ಟು ಅಡ್ಡಾದಿಡ್ಡಿ ಬೆಳೆಯತೊಡಗಿದರೆ ಅದು ತಡೆಯುತ್ತದೆ, ಆಗದಿದ್ದರೆ ಆ ಕೋಶವನ್ನೇ ಸಾಯಿಸುತ್ತದೆ. ವೈರಸ್ ಹೊಕ್ಕಾಗ ಪಕ್ಕದ ಕೋಶಗಳಿಗೆ ಎಚ್ಚರಿಕೆ ಮುಟ್ಟಿಸುವುದಕ್ಕೂ ಅದರ ನೆರವಿದೆ ಎಂಬ ಸುದ್ದಿ ಆಗಷ್ಟೇ ಲ್ಯಾಬುಗಳಲ್ಲಿ ಹರಿದಾಡುತ್ತಿತ್ತು. ಕೆಲವು ಕೊರೊನಾ ವೈರಸ್‌ಗಳು ಆ ಪ್ರೋಟೀನನ್ನೇ ಹಾಳುಮಾಡುತ್ತವೆ ಎಂಬುದನ್ನು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಅವ್ವನಿಗೆ ಮಾತ್ರ, ಮೈಯೊಳಗೆ ಒಬ್ಬ ಕಾವಲುಗಾರ ಇರುತ್ತಾನೆ, ಗಡ್ಡೆಯನ್ನೂ ತಡೆಯುತ್ತಾನೆ, ರೋಗ ಬಂದರೆ ಕೂಗಿಯೂ ಹೇಳುತ್ತಾನೆ ಎಂದೆ.

ಅವ್ವ ಕರುವಿನ ಕಿವಿ ಸವರಿದಳು. "ಹಂಗಾರ ನನ್ನ ಮೈಯಾಗಿನಾಂವ ಮಲಗಿದ್ದನೇನ?"

ನಾನು ಬಾಟಲಿಗೆ ಮತ್ತೆ ನೀರು ತುಂಬಿಕೊಂಡೆ. ಕರು ಸತ್ತರೆ, ಹಿಂಡಗೊಡದ ಎಮ್ಮೆಯನ್ನು ಬಿಟ್ಟು ಇವಳು ಬೆಳಗಾವಿಗೆ ಬರುವುದೇ ಇಲ್ಲ ಎಂಬ ಭಯ ನನಗೆ. ನೀರು ಹಾಕುತ್ತಲೇ ಇದ್ದೆವು.

ಒಂದು ಮುಂಜಾನೆ ಕರು ಕಾಲು ನಡುಗಿಸುತ್ತ ಎದ್ದು, ಎಮ್ಮೆಯ ಕೆಚ್ಚಲಿಗೆ ಮೂತಿ ಗುದ್ದಿತು. "ಈಗರ ಬರ್ತೀ ಇಲ್ಲ ಅವ್ವಾ?" ಎಂದೆ. ಅವ್ವ ಕೈ ತೊಳೆದು ಬಂದು ನನ್ನ ಕೈ ಹಿಡಿದು ತನ್ನ ಕಂಕುಳೊಳಗೆ ಒತ್ತಿಕೊಂಡಳು. ಬೆರಳಿಗೆ ಕಡಲೆಕಾಳಿನಷ್ಟು ಗಂಟು ತಾಗಿತು.

"ಎರಡ ತಿಂಗಳಾತು," ಎಂದಳು. "ಈ ಕರ ಉಳದ್ರ ನಾನೂ ಉಳೀತೀನಿ ಅಂತ ಮನಸಿನ್ಯಾಗ ಅನ್ಕೊಂಡ ಕುಂತಿದ್ನಿ. ನಡಿ, ಹೋಗೂನು."

ಅವತ್ತೇ ಬೆಳಗಾವಿಗೆಂದು ಗೋಕಾಕದ ಬಸ್ಸು ಹತ್ತಿದೆವು.