ಅಕ್ಕನ ಮನೆಗೆ ಹೋದ ಐದು ಕೋಳಿ

ಬೆಳಿಗ್ಗೆ ಆರೂಮುಕ್ಕಾಲಿಗೆ ಊರ ಬಾಗಿಲಿನ ಬೇವಿನ ಮರದ ಬಳಿ ಗಾರ್ಮೆಂಟ್ಸ್ ವ್ಯಾನಿನ ಹಾರನ್ ಕೇಳುತ್ತಿತ್ತು. ಒಂದು ಉದ್ದ, ಎರಡು ಗಿಡ್ಡ. ಹೆಂಗಸರು ಪಿನ್ನು ಬಾಯಲ್ಲಿ ಕಚ್ಚಿಕೊಂಡು, ಸೆರಗು ಸರಿಮಾಡಿಕೊಳ್ಳುತ್ತಲೇ ಓಡುತ್ತಿದ್ದರು. ಗುಡಿಬಂಡೆ ಕಡೆಯ ಆ ಊರಿನಲ್ಲಿ ಕದರಮ್ಮ ಮಾತ್ರ ಓಡುತ್ತಿರಲಿಲ್ಲ. ಒಂಬತ್ತು ವರ್ಷ ಬೆಂಗಳೂರಿನಲ್ಲಿ ಶರ್ಟುಗಳಿಗೆ ಕಾಲರ್ ಕೂಡಿಸಿ ಬಂದವಳು ಅವಳು. ಹಾರನ್ ಕೇಳಿದಾಗ ಅವಳ ಬಲಗಾಲು ಒಮ್ಮೆ ಮಿಷನ್ನಿನ ಪೆಡಲಿಗೆ ತಡಕಾಡುತ್ತಿತ್ತು, ಅಷ್ಟೆ. ಆಮೇಲೆ ಗೂಡಿನ ಬಾಗಿಲು ತೆಗೆದು ಕೋಳಿಗಳನ್ನು ಬಿಡುತ್ತಿದ್ದಳು.

ಆ ಒಂಬತ್ತು ವರ್ಷವೂ ಅವಳ ಮಗಳು ಮಮತಾ ಬೆಳೆದದ್ದು ಅಕ್ಕ ನರಸಕ್ಕನ ಮನೆಯಲ್ಲಿ, ಎರಡು ಊರಿನಾಚೆ. ಕದರಮ್ಮ ಬಿಟ್ಟುಹೋದಾಗ ಕೂಸಿಗೆ ಮೂರು ವರ್ಷ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದರೆ ಬೆಂಗಳೂರಿನ ಒಂದೇ ಕೋಣೆಯ ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಭಾನುವಾರ ಫೋನ್ ಮಾಡಿದರೆ ಹುಡುಗಿ ಮಾತಾಡದೆ ಸುಮ್ಮನಾಗುತ್ತಿತ್ತು. ಆಗ ನರಸಕ್ಕ ಫೋನನ್ನು ಉಣ್ಣುತ್ತಿದ್ದ ಮಗುವಿನ ಬಾಯಿಗೇ ಹಿಡಿದು, "ಉಣ್ತಾವ್ಳೆ, ಕೇಳ್ಸ್ಕೊ" ಅನ್ನುತ್ತಿದ್ದಳು. ಮಗಳು ಸೊಪ್ಪಿನ ಸಾರು ಸೊರ್ ಎಂದು ಹೀರುವುದನ್ನು ಕೇಳುತ್ತಾ ಕದರಮ್ಮ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಇಂಥದ್ದಕ್ಕೆ ಅಕ್ಕನಿಗೆ ಏನೆಂದು ಹೇಳುವುದು, ಯಾವ ಬಾಯಲ್ಲಿ ಹೇಳುವುದು, ಅವಳಿಗೆ ಇವತ್ತಿಗೂ ತಿಳಿದಿಲ್ಲ.

ಊರಿಗೆ ಮರಳಿದ ಮೇಲೆ ನಾಟಿಕೋಳಿ ಸಾಕಿದಳು. ಮೂವತ್ತರ ತನಕ ಆದವು. ಎರಡನೆಯ ವರ್ಷ ಒಂದು ಬೆಳಿಗ್ಗೆ ಮೊಟ್ಟೆಯಿಡುವ ಐದು ಒಳ್ಳೆಯ ಹ್ಯಾಟೆಗಳನ್ನು ಬುಟ್ಟಿಗೆ ಹಾಕಿ, ಬಟ್ಟೆ ಕಟ್ಟಿ, ಏಳು ಗಂಟೆಯ ಆಟೋಗೆ ಅಕ್ಕನ ಊರಿಗೆ ಹೋದಳು. "ಮಮತನ್ನ ಸಾಕಿದ್ಯಲ್ಲ, ಇವು ನಿಂಗೆ" ಅಂದಳು. ನರಸಕ್ಕ ಒಂದೊಂದನ್ನೂ ಎತ್ತಿ ತೂಗಿ ನೋಡಿ, "ನಿನಗಿಂತ ಇವೇ ಮೈಕೈ ತುಂಬ್ಕೊಂಡವೆ ಕಣೆ" ಎಂದು ನಕ್ಕಳು.

ಆ ದಿನ ಕದರಮ್ಮ ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ಹಿಂದಿನ ವಾರವೇ ಅವಳ ಎರಡು ಕೋಳಿ, ಒಂದು ಕಾಲು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಚಾಚಿ ಬಿದ್ದು ಸತ್ತಿದ್ದವು. ಆ ಕಡೆ ಕೋಳಿಗಳಿಗೆ ಕೊಕ್ಕರೆ ರೋಗವೋ ಮತ್ತೊಂದೋ ಬಿದ್ದಾಗ ಗಟ್ಟಿಯಾಗಿ ಕಾಣುವ ಕೋಳಿಗಳನ್ನು ಬೆಳಿಗ್ಗೆ ಬೆಳಿಗ್ಗೆಯೇ ನೆಂಟರ ಮನೆಗೆ ಸಾಗಿಸುವುದು ಹಿಂದಿನಿಂದಲೂ ಬಂದದ್ದು. ಅಲ್ಲಾದರೂ ಬದುಕಲಿ ಅಂತ. ಕದರಮ್ಮನೂ ಹಾಗೇ ಮಾಡಿದ್ದಳು. ಬುಟ್ಟಿಯಲ್ಲಿ ಪ್ರೀತಿಯೂ ಇತ್ತು, ದಿಗಿಲೂ ಇತ್ತು. ಅಕ್ಕನಿಗೆ ಹೇಳಿದ್ದು ಪ್ರೀತಿಯನ್ನು ಮಾತ್ರ.

ಐದಾರು ತಿಂಗಳಿಗೆ ನರಸಕ್ಕನ ಅಂಗಳದಲ್ಲಿ ಕೋಳಿಗಳು ಕುಂಟತೊಡಗಿದವು. ಇಪ್ಪತ್ತರಲ್ಲಿ ಹದಿನಾಲ್ಕು ಹೋದವು. ಕೆಟ್ಟ ಕಣ್ಣು ಬಿದ್ದಿದೆ ಎಂದರು ಅಕ್ಕಪಕ್ಕದವರು. ಕದರಮ್ಮ ಮಾತ್ರ ಅಕ್ಕನ ಮನೆಯಲ್ಲಿ ಮೊಟ್ಟೆ ಸಾರಿನ ತಟ್ಟೆಯನ್ನು ಪಕ್ಕಕ್ಕೆ ಸರಿಸತೊಡಗಿದಳು.

ಆಗಲೇ ಬಂದವಳು ಅಂಜನಾ. ರಾಯದುರ್ಗದ ಹುಡುಗಿ, ಜೀನ್ಸ್ ಹೊಲಿಯುವವರ ಮನೆಯವಳು, ಪಶುವೈದ್ಯ ಕಾಲೇಜಿನಲ್ಲಿ ಕೋಳಿಗಳ ರೋಗದ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಕುಂಟಿ ಸತ್ತ ಕೋಳಿ ಇದ್ದರೆ ತಿಳಿಸಿ ಎಂದು ಊರೂರಿಗೂ ಹೇಳಿಟ್ಟಿದ್ದಳು. ಮಮತಾ ಫೋನ್ ಮಾಡಿದ್ದಕ್ಕೆ ಐಸ್ ತುಂಬಿದ ಥರ್ಮೋಕೋಲ್ ಪೆಟ್ಟಿಗೆ ಹಿಡಿದು ನರಸಕ್ಕನ ಅಂಗಳಕ್ಕೆ ಬಂದಿಳಿದಳು. ಅವತ್ತು ಕದರಮ್ಮನೂ ಮಗಳ ಜೊತೆ ಅಲ್ಲಿದ್ದಳು. ಸತ್ತ ಕೋಳಿಯ ಕಾಲು ಹಿಡಿದುಕೊಳ್ಳುವ ಕೆಲಸ ಅವಳ ಪಾಲಿಗೆ ಬಂತು.

ಅಂಜನಾ ಹೊಟ್ಟೆ ಕೊಯ್ದು ಪಿತ್ತಕೋಶದ ಪಕ್ಕದ ಲಿವರನ್ನು ಎತ್ತಿ ತೋರಿಸಿದಳು. ಬೆಳ್ಳಗೆ, ಅವರೆಕಾಳಿನಷ್ಟು ದಪ್ಪದ ಗಂಟುಗಳು.

"ಕೋಳಿಗೆ ಬರೋ ಕ್ಯಾನ್ಸರ್ ರೀ ಇದು. ಒಂದು ವೈರಸ್ಸಿಂದ ಬರತೈತಿ."

ನರಸಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. "ನಮ್ಮ ಹುಡುಗಿ ಈ ಮೊಟ್ಟೆ ತಿಂದೇ ಬೆಳ್ದವ್ಳಲ್ಲಮ್ಮ."

"ಮನುಷ್ಯರಿಗೆ ಬರಂಗಿಲ್ರಿ ಅಕ್ಕಾರೆ. ಹೆದರಬ್ಯಾಡ್ರಿ. ಕೋಳಿಯಿಂದ ಕೋಳಿಗೆ ಅಷ್ಟ." ಅಂಜನಾ ಪುಸ್ತಕ ತೆರೆದಳು. "ಒಂದು ವರ್ಷದಾಗ ಹೊರಗಿಂದ ಕೋಳಿ ಏನರ ಬಂದಿದ್ವೇನ್ರಿ ಈ ಮನಿಗೆ?"

"ಇಲ್ಲ" ಅಂದಳು ನರಸಕ್ಕ, ತಂಗಿಯ ಕಡೆ ನೋಡದೆ. "ಎಲ್ಲಾ ಇಲ್ಲೇ ಮರಿಯಾದವು."

"ಹಂಗಾದ್ರ ರಸ್ತೆ ಕಡೆ ಫಾರಂನಿಂದ ಬಂದಿರಬೇಕು. ಅಲ್ಲೇ ಹುಡುಕ್ತೀನಿ."

ಪೆನ್ನು ಕಾಗದದ ಮೇಲೆ ಓಡಿತು. ಕದರಮ್ಮನ ಕೈಯಲ್ಲಿ ಕೋಳಿಯ ಕಾಲು ತಣ್ಣಗಿತ್ತು. ಅಕ್ಕ ತನಗಾಗಿ ಸುಳ್ಳು ಹೇಳಿದಳು ಎಂಬುದು ಅರ್ಥವಾಗಲು ಅವಳಿಗೆ ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು.

"ಐದು ಬಂದಿದ್ವು" ಅಂದಳು. "ನಾನೇ ತಂದಿದ್ದೆ."

"ಸುಮ್ನಿರೆ. ಆಯಮ್ಮ ಬರ್ಕೊಂಡಾಗೈತೆ."

"ಹೊಡೆದುಹಾಕಿ ಬರ್ಕೊಳ್ಳಲಿ. ಅಕ್ಕ, ನಾನು ತರೋಕೆ ಮುಂಚೇನೇ ನಮ್ಮನೇಲಿ ಎರಡು ಹಿಂಗೇ ಕಾಲು ಚಾಚಿ ಸತ್ತಿದ್ವು. ಉಳಿದವು ಬದುಕ್ಲಿ ಅಂತ ನಿನ್ನ ಮನೆಗೆ ಸಾಗಿಸ್ದೆ. ನಿಂಗೆ ಕೊಡ್ತಾ ಇದೀನಿ ಅಂದೆ."

ಅಂಜನಾ ಪೆನ್ನಿನ ಮುಚ್ಚಳ ಹಾಕಿ ತಲೆ ತಗ್ಗಿಸಿದಳು. ನರಸಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಜಗಲಿಯ ಮೇಲೆ ಕೂತಳು.

"ನಂಗೊತ್ತಿಲ್ವೇನೆ? ಹತ್ತು ಗಂಟೆಗೆ ಮುಂಚೆ ಊರು ದಾಟದೋಳು ಏಳು ಗಂಟೆ ಆಟೋಗೆ ಬಂದ್ರೆ ತಿಳಿಯಲ್ವಾ? ನಮ್ಮವ್ವ ಏನ್ಮಾಡ್ತಿದ್ಲು? ಅದೇ ತಾನೆ. ನನ್ನ ಮನೆಗಲ್ದೆ ಇನ್ಯಾರ ಮನೆಗೆ ತರ್ತಿದ್ದೆ? ಕೂಸನ್ನೂ ಇಲ್ಲಿಗೇ ತಂದೆ. ಅದೇನ್ ಕುಂಟ್ತಾ ಐತಾ?"

"ದೊಡ್ಡಮ್ಮ, ನನ್ನನ್ನ ಕೋಳಿ ಜೊತೆ ಸೇರಿಸ್ಬೇಡ" ಅಂದಳು ಬಾಗಿಲಲ್ಲಿ ನಿಂತಿದ್ದ ಮಮತಾ. ಮೊದಲು ನಕ್ಕವಳು ಅಂಜನಾ. ಕದರಮ್ಮನಿಗೆ ನಗು ಬರಲಿಲ್ಲ. ಅವಳು ಹೋಗಿ ಅಕ್ಕನ ಪಕ್ಕ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತಳು.

ಮರುದಿನ ಅಂಜನಾ ಕದರಮ್ಮನ ಗೂಡಿಗೆ ಬಂದು, ಓಡಾಡಿಕೊಂಡಿದ್ದ ಕೋಳಿಗಳಿಂದ ಒಂದೊಂದು ಪುಕ್ಕ ಕಿತ್ತು ಚೀಟಿ ಅಂಟಿಸಿ ಒಯ್ದಳು. ಎರಡು ತಿಂಗಳಿಗೆ ಫಲಿತಾಂಶ ಹಿಡಿದು ಮತ್ತೆ ಬಂದಳು. ಎರಡೂ ಮನೆಯಲ್ಲಿ ಒಂದೇ ವೈರಸ್. ದಿನಾ ಮೊಟ್ಟೆಯಿಡುವ ಕರಿ ಹ್ಯಾಟೆಯ ಪುಕ್ಕದ ಬುಡದಲ್ಲೂ ಅದು ಇತ್ತು.

"ಗಟ್ಟಿ ಕಂಡ ಕೋಳಿನೂ ರೋಗ ಹೊತಗೊಂಡಿರತೈತ್ರಿ. ಪುಕ್ಕದ ಧೂಳಿನಾಗ ಉದುರಿಸ್ಕೊಂತ ಹೋಗತೈತಿ. ಅದಕ್ಕ ಬ್ಯಾರೆ ಮನಿಗೆ ಸಾಗಿಸಿದ್ರ ರೋಗಾನೂ ಸಂಗಡ ಹೋಗೋದು. ಮರಿ ಹುಟ್ಟಿದ ದಿನಾನ ಲಸಿಕೆ ಹಾಕಬೇಕು. ಕಾವು ಕೂತ ಕೋಳಿ ಕೆಳಗ ಹುಟ್ಟಿದ್ದಕ್ಕ ಯಾರು ಹಾಕ್ತಾರ ಹೇಳ್ರಿ?" ಅಂಜನಾ ಲೋಟದ ನೀರು ಕುಡಿದು ಕೆಳಗಿಟ್ಟಳು. "ಅಕ್ಕಾರೆ, ನೀವು ಅವತ್ತು ಬಾಯಿ ಬಿಡಲಿಲ್ಲಂದ್ರ ನಾ ಇನ್ನೂ ಆ ಫಾರಂ ಸುತ್ತಾನ ತಿರುಗ್ತಿದ್ದೆ. ನಿಮ್ಮ ಉಪಕಾರ ಮರೆಯಂಗಿಲ್ರಿ."

ಕದರಮ್ಮ ನೆಲ ನೋಡಿದಳು. ಫ್ಯಾಕ್ಟರಿಯಲ್ಲಿ ತಪ್ಪು ಹೊಲಿಗೆಯನ್ನು ತಾನಾಗಿ ಒಪ್ಪಿಕೊಂಡವರಿಗೆ ಯಾರೂ ಉಪಕಾರ ಎಂದದ್ದಿಲ್ಲ. ಹುಡುಗಿಯ ಮಾತನ್ನು ಎಲ್ಲಿಡಬೇಕೋ ಅವಳಿಗೆ ತೋಚಲಿಲ್ಲ. ಉಳಿದ ಕೋಳಿಗಳನ್ನು ತೆಗೆದು, ಗೂಡು ಸುಟ್ಟು, ಅಂಗಳ ಕೆಲವು ತಿಂಗಳು ಖಾಲಿ ಬಿಟ್ಟರೆ ಲಸಿಕೆ ಹಾಕಿದ ಮರಿಗಳನ್ನು ಇಬ್ಬರು ಅಕ್ಕತಂಗಿಯರಿಗೂ ಕಾಲೇಜಿನಿಂದ ತಂದುಕೊಡುತ್ತೇನೆ ಎಂದಳು ಅಂಜನಾ. ಅಕ್ಕನ ಅಂಗಳದಲ್ಲಿ ಮತ್ತೆ ಕೋಳಿ ಕೂಗುತ್ತದೆ ಎಂಬುದೊಂದೇ ಕದರಮ್ಮನ ಕಿವಿಗೆ ಬಿದ್ದದ್ದು.

"ಇನ್ನೊಂದು ಕೇಳತೀನ್ರಿ. ಅಕ್ಕನ ಮನಿ ಬಿಟ್ರ ಬ್ಯಾರೆ ಯಾರಿಗರ ಕೊಟ್ಟೀರೇನು?"

ಕದರಮ್ಮ ಕೆಳಗಿನ ಬೀದಿಯ ಕಡೆ ನೋಡಿದಳು. "ಕೆಳಗಿನ ಬೀದಿ ಓಬಕ್ಕ ಒಂದು ಹುಂಜ ಒಯ್ದವ್ಳೆ. ಅವಳ ಬಾಯಿ ನಿಮಗೆ ಗೊತ್ತಿಲ್ಲ ಕಣಮ್ಮ, ಹೇಳಿದ್ರೆ ಊರೆಲ್ಲಾ ಕೇಳೋ ಹಂಗೆ ಬೈತಾಳೆ."

"ನಾನಽ ಹೋಗಿ ಹೇಳ್ಲೇನ್ರಿ?"

"ಬ್ಯಾಡ." ಕದರಮ್ಮ ಎದ್ದು ಸೀರೆ ಕೊಡವಿಕೊಂಡಳು. ಅಂಗಳ ದಾಟುತ್ತಲೇ ಹೇಳಿದಳು: "ಕೋಳಿ ನಂದು, ನಾನೇ ಹೇಳ್ಬೇಕು. ಬೈದ್ರೆ ಬೈಸ್ಕೊಂತೀನಿ. ನಾಳೆ ಅವಳು ಮಗಳ ಊರಿಗೆ ಹೊರಟವ್ಳೆ, ತಡ ಮಾಡಿದ್ರೆ ಆ ಹುಂಜಾನ ಕಂಕುಳಲ್ಲಿ ಇಟ್ಕೊಂಡು ಅಲ್ಲಿಗೂ ಹೋಗ್ತಾಳೆ."