ಮಾವ ನೋಡಬೇಕಿದ್ದ ಗೋಡೆ

ಮಾವನ ಅಂಗಾಲು ಎಷ್ಟು ಗಟ್ಟಿಯಾಗಿತ್ತೆಂದರೆ, ಜಾಲಿಮುಳ್ಳು ಚುಚ್ಚಿದರೆ ಮುಳ್ಳೇ ಮುರಿಯುತ್ತಿತ್ತು. ಮನೆಗೆ ಬಂದ ದಿನ ಜಗಲಿಯ ಮೇಲೆ ಕಾಲು ಮಡಚಿ ಕೂತು, ಅವ್ವನ ಪಿನ್ನಿನಿಂದ ಆ ತುಂಡುಗಳನ್ನು ಕೀಳುತ್ತಾ, "ಇದು ಪರಶುರಾಂಪುರದ್ದು, ಇದು ಹಿರಿಯೂರ್ದು" ಎಂದು ತೋರಿಸುತ್ತಿದ್ದ. ಅಷ್ಟೂ ಸುಳ್ಳು. ನಾನು ಬಾಯಿ ಬಿಟ್ಟುಕೊಂಡು ನಂಬುತ್ತಿದ್ದೆ.

ಅವನು ಅವ್ವನ ತಮ್ಮ. ಮದುವೆಯಾಗದೆ ನಮ್ಮ ಜೊತೆಗೇ ಇದ್ದ. ಇದ್ದ ಅನ್ನುವುದೂ ತಪ್ಪೇ. ಸಂಕ್ರಾಂತಿ ಕಳೆದ ಮೇಲೆ ಕುರಿ ಹೊಡೆದುಕೊಂಡು ದಾವಣಗೆರೆ ಕಡೆಯ ಗದ್ದೆಬಯಲಿಗೆ ಹೋದವನು, ಮುಂಗಾರು ಬಿದ್ದು ನಮ್ಮ ಕಡೆ ಹುಲ್ಲು ಚಿಗುರುವ ಹೊತ್ತಿಗೇ ಬರುವುದು. ನಡುವೆ ಫೋನೊಂದೇ. ಅದೂ ಗುಂಡಿ ಒತ್ತುವ ಹಳೇ ಫೋನು, ಫೋಟೋ ಕಳಿಸಿದರೆ ಕಾಣುತ್ತಿರಲಿಲ್ಲ.

ನನಗೆ ಒಂದು ಚೂರು ಇದ್ದಿಲು ಸಿಕ್ಕರೆ ಸಾಕು, ಪಡಸಾಲೆಯ ಗೋಡೆ ತುಂಬ ಚಿತ್ರ. ಸಂಜೆ ಫೋನು ಮಾಡಿದರೆ ಮಾವ ಕೇಳುತ್ತಿದ್ದದ್ದು ಉಂಡೆಯಾ ಅಂತಲ್ಲ.

"ಇವತ್ತೇನು ಬರೆದೆ?"

"ಕುರಿಮಂದೆ, ಮಾವ."

"ಎತ್ಲಾಗೆ ಹೊಂಟೈತೆ?"

"ನಮ್ಮೂರ ಕಡೆ."

"ನಾಯಿ ಎಲ್ಲೈತೆ?"

"ನಾಯಿ ಬರೆದಿಲ್ಲ."

"ಅಯ್ಯೋ ನಿನ್ನ! ನಾಯಿ ಇಲ್ದೆ ಮಂದೆ ಬಿಟ್ಟೀಯಲ್ಲ, ತೋಳ ಬಂದ್ರೆ ಯಾರು ಹೊಣೆ? ಓಡು, ಬರಿ. ನಾನು ಕಾಯ್ತೀನಿ."

ಫೋನು ಅವ್ವನ ಕೈಗೆ ಕೊಟ್ಟು ಓಡುತ್ತಿದ್ದೆ. ಅವನು ನಿಜವಾಗಿಯೂ ಕಾಯುತ್ತಿದ್ದ. ಆದರೆ ಚೆನ್ನಾಗಿದೆ ಎಂದು ಒಮ್ಮೆಯೂ ಅನ್ನಲಿಲ್ಲ ಪುಣ್ಯಾತ್ಮ. ಹೊಗಳುವುದು ಅವನ ಜಾಯಮಾನವೇ ಅಲ್ಲ. ಬರೀ ಕೇಳುತ್ತಿದ್ದ. ಮರದ ನೆರಳು ಯಾವ ಕಡೆ ಬಿದ್ದಿದೆ, ಅಜ್ಜಿ ಯಾಕೆ ಒಬ್ಬಳೇ ಕೂತಿದ್ದಾಳೆ, ಬಸ್ಸಿನಲ್ಲಿ ಯಾರ್ಯಾರಿದ್ದಾರೆ. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಅವನಿಗೆ ಉತ್ತರ ಹುಡುಕಿ ಹುಡುಕಿಯೇ ನನಗೆ ನೋಡುವುದು ಬಂತು, ನೋಡಿದ್ದನ್ನು ಹೇಳುವುದೂ ಬಂತು. ಇವತ್ತು ನಾಲ್ಕು ಸಾಲು ಬರೆಯುತ್ತೇನೆಂದರೆ ಅದು ಮಾವನ ಋಣ. ತೀರಿಸಲು ಅವನಿಲ್ಲ.

ಆ ವರ್ಷ ಯುಗಾದಿಗೆ ಅವ್ವ ಸುಣ್ಣ ನೆನೆಹಾಕಿದಳು. "ಗೋಡೆ ನೋಡಂಗಿಲ್ಲ ಕಣೋ, ಹಬ್ಬಕ್ಕೆ ಬಂದೋರು ಏನಂದಾರು?" ಎಂದು ಫೋನಿನಲ್ಲೇ ತಮ್ಮನ ಮೇಲೆ ರೇಗಿದಳು.

"ಅಕ್ಕ, ನಾನು ಬರಗಂಟ ಆ ಗೋಡೆ ಮುಟ್ಟಬ್ಯಾಡ. ಕಿವೀಲಿ ಕೇಳಿದ್ದೆಲ್ಲ ಕಣ್ಣಿಂದ ನೋಡ್ಬೇಕು ನಾನು."

ಮೂರು ಗೋಡೆ ಬೆಳ್ಳಗಾದವು, ಒಂದು ಕರ್ರಗೆ ಉಳಿಯಿತು. ಹಬ್ಬಕ್ಕೆ ಬಂದವರು ನಕ್ಕರು. ನಕ್ಕರೆ ನಗಲಿ ಎಂದು ನಾನು ಖಾಲಿ ಇದ್ದ ಮೂಲೆಯನ್ನೂ ತುಂಬಿಸಿದೆ.

ಮುಂಗಾರಿನ ಮೊದಲ ಮಳೆ ಬಂತು. ಮಂದೆ ತಿರುಗಿಸಿದ್ದೇನೆ, ಬರುತ್ತಿದ್ದೇನೆ ಎಂದು ಮಾವ ಫೋನು ಮಾಡಿದ. ಮರುದಿನ ದಾರಿಯಲ್ಲಿ ಮಳೆಗೆ ಮರಿಗಳನ್ನು ಮರದಡಿ ಸೇರಿಸುವಾಗ ಅವನಿಗೆ ಸಿಡಿಲು ಬಡಿಯಿತು.

ನಮ್ಮಲ್ಲಿ ಸತ್ತವರನ್ನು ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಮುಖ ಬಾಗಿಲ ಕಡೆಗೆ. ಆಸ್ಪತ್ರೆಯಿಂದ ಟೆಂಪೋದಲ್ಲಿ ಬಂದ ಮಾವನನ್ನೂ ಹಾಗೇ ಕೂರಿಸಿದರು, ಅದೇ ಗೋಡೆಗೆ. ಚಿತ್ರಗಳೆಲ್ಲ ಅವನ ಬೆನ್ನ ಹಿಂದೆ.

"ಮಾವನ್ನ ಈ ಕಡೆ ತಿರುಗಿಸ್ರಿ, ನೋಡ್ಬೇಕು ಅಂದಿದ್ದ!" ಎಂದು ನಾನು ಕಿರುಚಿದೆ.

"ಮಗೂನ ಆಚೆ ಕರ್ಕೊಂಡೋಗ್ರವ್ವ," ಎಂದರು ಹಿರಿಯರೊಬ್ಬರು. ಅವ್ವ ಬಿಡಲಿಲ್ಲ. ಅಳುತ್ತಲೇ ನನ್ನನ್ನು ಅವನ ಪಕ್ಕಕ್ಕೆ ತಳ್ಳಿದಳು. ನಾನು ಫೋನಿನಲ್ಲಿ ಹೇಳುತ್ತಿದ್ದ ಹಾಗೆಯೇ ಒಂದೊಂದೇ ಚಿತ್ರ ಹೇಳಿದೆ. ಒಂದನ್ನೂ ಬಿಡದೆ ಎಲ್ಲ ಹೇಳಿ ಮುಗಿಸಿದೆ. ಅವನು ಏನೂ ಕೇಳಲಿಲ್ಲ.

ಸೂತಕ ಕಳೆಯಲು ಮನೆಗೆಲ್ಲ ಸುಣ್ಣ ಬಳಿಯಬೇಕು. ಆ ಗೋಡೆಯ ಮುಂದೆ ಅವ್ವ ಕುಂಚ ಹಿಡಿದು ನಿಂತಳು. ಬೇಡ ಎಂದು ನಾನು ಅವಳ ಸೆರಗು ಜಗ್ಗಿದೆ.

"ನಾನು ಬರಗಂಟ ಅಂದಿದ್ದ. ಬಂದು ಹೋದ್ನಲ್ಲವ್ವ," ಎಂದಳು. "ಇನ್ಯಾರಿಗೆ ಕಾಯಾನ?"