ಸತ್ತ ಸುದ್ದಿ ಹೇಳುವ ರಾಜತಾಂತ್ರಿಕ

ಅಂತ್ಯಸಂಸ್ಕಾರದ ನಂತರದ ಮೊದಲ ಮಾಮೂಲಿ ಬೆಳಗು, ಆರೂಕಾಲು. ರಾಯಭಾರ ಕಚೇರಿಯ ನೆಲಮಹಡಿಯಲ್ಲಿ ಒಂದೇ ಕೋಣೆಗೆ ದೀಪವಿದೆ. ಐವತ್ತೊಂಬತ್ತು ದಾಟಿದ ಅಧಿಕಾರಿಯೊಬ್ಬರು ಕೋಟನ್ನೂ ಬಿಚ್ಚದೆ ಕುಳಿತು ಫೋನ್ ಹಚ್ಚುತ್ತಿದ್ದಾರೆ. ನಮ್ಮ ದೇಶದಲ್ಲಿ ಈಗ ಊಟ ಮುಗಿಯುವ ಹೊತ್ತು. “ಹಸಿದಿರೋರು ಫೋನ್ ಎತ್ತಲ್ಲ. ಉಂಡೋರು ಎತ್ತುತ್ತಾರೆ,” ಎನ್ನುತ್ತಾರೆ. ಆ ಕಡೆ ಯಾರೂ ಎತ್ತುವುದಿಲ್ಲ.

ಮೊನ್ನೆ ಮಣ್ಣಾದವರು ಇದೇ ಕಚೇರಿಯ ಎರಡನೇ ಕಾರ್ಯದರ್ಶಿ, ನನ್ನ ಗಂಡ. ಕಚೇರಿಯ ಹಿಂಭಾಗದ ವಸತಿಗೃಹದಲ್ಲಿ ನಿದ್ದೆ ಬಾರದೆ ಇಲ್ಲಿಗೆ ಬಂದಿದ್ದೇನೆ.

ಈ ಅಧಿಕಾರಿ ರಾಜತಾಂತ್ರಿಕ ಸೇವೆಗೆ ಸೇರಿ ಮೂವತ್ತಮೂರು ವರ್ಷ. ಏಳು ದೇಶ ಕಂಡಿದ್ದಾರೆ. ಜೊತೆಗೆ ಸೇರಿದವರಲ್ಲಿ ಆರು ಮಂದಿ ರಾಯಭಾರಿಗಳಾದರು. ಇವರ ಪಾಲಿಗೆ ಎಲ್ಲ ಕಡೆಯೂ ಬಂದದ್ದು ಜೈಲಿನಲ್ಲಿದ್ದವರು, ಪಾಸ್‌ಪೋರ್ಟ್ ಕಳೆದುಕೊಂಡವರು, ಸತ್ತವರು. ಒಂದು ಶವ ಊರು ಸೇರಲು ಹದಿನಾಲ್ಕು ಸಹಿ, ಐದು ಕಚೇರಿ, ಸರಾಸರಿ ಹತ್ತೊಂಬತ್ತು ದಿನ. ಇದುವರೆಗೆ ಆರುನೂರ ಹನ್ನೆರಡು ಮಂದಿಯನ್ನು ಕಳಿಸಿದ್ದಾರೆ. ಸಿಬ್ಬಂದಿ ಇಟ್ಟ ಹೆಸರು ‘ಪೆಟ್ಟಿಗೆ ಸಾಹೇಬ್ರು’.

“ಇವ್ರು ಕೈ ಕುಲುಕಿದ್ರೆ ಜನ ಸೀದಾ ಡಾಕ್ಟರ್ ಹತ್ರ ಹೋಗಿ ತೋರಿಸ್ಕೊಂಡು ಬರ್ತಾರೆ, ಅಮ್ಮಾ,” ಎಂದು ಕೀಲಿ ಇಡಲು ಬಂದ ಚಾಲಕ ಹೇಳುತ್ತಾನೆ.

“ನಿನ್ ಕೈ ಇನ್ನೂ ಕುಲುಕಿಲ್ಲ. ಗಾಡಿ ತೊಳಿ ಹೋಗು.”

ಮಕ್ಕಳ ಓದಿಗಾಗಿ ಸಾಹೇಬರ ಹೆಂಡತಿ ಹನ್ನೊಂದು ವರ್ಷದಿಂದ ಊರಿನಲ್ಲೇ ಇದ್ದಾರೆ. “ನಾನು ಫೋನ್ ಮಾಡಿದ್ರೆ ಮೊದ್ಲು ‘ಯಾರೂ ಸತ್ತಿಲ್ಲ ತಾನೇ?’ ಅಂತಾಳೆ. ಇಲ್ಲ ಅಂದ್ಮೇಲೇ ಮಿಕ್ಕ ಮಾತು.”

ಮೊದಲೆಲ್ಲ ಇವರು ಫೋನ್ ಮಾಡುತ್ತಿರಲಿಲ್ಲ, ಪತ್ರ ಬರೆಯುತ್ತಿದ್ದರು. ಎರಡನೆಯ ದೇಶದಲ್ಲಿ ಲಾರಿ ಚಾಲಕನೊಬ್ಬ ಸತ್ತಾಗ ಕಲಿತ ವಿದ್ಯೆಯನ್ನೆಲ್ಲ ಸುರಿದು ಬರೆದರು. ದಪ್ಪ ಕಾಗದ, ಸರ್ಕಾರದ ಮುದ್ರೆ. ‘ತಮ್ಮ ಸುಪುತ್ರರ ಸೇವೆಯನ್ನು ಸ್ಮರಿಸುತ್ತ, ಇಲ್ಲಿನ ಅವರ ಪಯಣ ಸಂಪೂರ್ಣಗೊಂಡಿದೆಯೆಂದು ಗೌರವಪೂರ್ವಕವಾಗಿ ತಿಳಿಸಲಾಗಿದೆ.’ ಮೇಲಧಿಕಾರಿಗಳು ಭೇಷ್ ಎಂದರು. ಮಗ ಕೆಲಸ ಮುಗಿಸಿ ಬರುತ್ತಿದ್ದಾನೆಂದು ತಿಳಿದ ತಾಯಿ ಬೀದಿಗೆಲ್ಲ ಸಿಹಿ ಹಂಚಿ, ವಿಮಾನ ನಿಲ್ದಾಣಕ್ಕೆ ಹೋಗಿ ನಿಂತರು. ಬಂದದ್ದು ಪೆಟ್ಟಿಗೆ.

“ಇಡೀ ಪತ್ರದಲ್ಲಿ ಸತ್ತ ಅನ್ನೋ ಪದ ಇರ್ಲಿಲ್ಲ. ಅದೇ ನನ್ನ ಜಂಬ ಆಗಿತ್ತು.”

ಅಂದಿನಿಂದ ಇವರೇ ಫೋನ್ ಮಾಡುತ್ತಾರೆ. ಮೊದಲ ವಾಕ್ಯದಲ್ಲೇ ಸತ್ತರೆಂದು ಹೇಳುತ್ತಾರೆ. ಕಳೆದ ವಾರ ನನ್ನ ಬಾಗಿಲಿಗೆ ಬಂದಾಗಲೂ ಹಾಗೆಯೇ ಹೇಳಿದರು. ಕೂತ್ಕೋ ಎನ್ನಲಿಲ್ಲ. ಆಗ ನನಗೆ ಕೋಪ ಬಂದಿತ್ತು.

ಇವತ್ತಿನ ಫೈಲು ಒಬ್ಬ ವೆಲ್ಡರ್‌ನದು. ಸತ್ತು ಅರವತ್ತೆರಡು ದಿನವಾಗಿದೆ. ತನ್ನವರೆಂದು ಇರುವುದು ಅಣ್ಣನೊಬ್ಬನೇ, ಹದಿನೈದು ವರ್ಷದಿಂದ ಮಾತಿಲ್ಲ. ತಮ್ಮನ ಹೆಸರು ಕಿವಿಗೆ ಬಿದ್ದರೆ ಸಾಕು, ಫೋನ್ ಇಟ್ಟುಬಿಡುತ್ತಾನೆ. ಇವತ್ತು ಅಣ್ಣ ಶವ ಪಡೆಯಲು ಒಪ್ಪದಿದ್ದರೆ ಹತ್ತು ಗಂಟೆಗೆ ನಗರಸಭೆಯವರು ಇಲ್ಲೇ ಹೂಳುತ್ತಾರೆ. ಒಂದು ಪತ್ರ ಹಾಕಿ ಫೈಲು ಮುಚ್ಚಿ ಎಂದು ಮೇಲಿನವರು ಎರಡು ಸಲ ಹೇಳಿಯಾಗಿದೆ.

ಏಳಕ್ಕೆ ಹತ್ತು ನಿಮಿಷವಿರುವಾಗ ಅಣ್ಣ ಫೋನ್ ಎತ್ತುತ್ತಾನೆ. ಈ ಸಲ ಇವರು ಹೆಸರನ್ನೇ ಎತ್ತುವುದಿಲ್ಲ.

“ನಿಮ್ಮ ತಮ್ಮ ಸತ್ತುಹೋಗಿದ್ದಾರೆ. ನಾನು ರಾಯಭಾರ ಕಚೇರಿಯಿಂದ ಮಾತಾಡ್ತಿದ್ದೀನಿ.”

“ನಂಗೆ ತಮ್ಮ ಇಲ್ಲ.”

“ಹೌದು ಸ್ವಾಮಿ. ಎರಡು ತಿಂಗಳಿಂದ ಇಲ್ಲ. ಅದನ್ನೇ ಹೇಳ್ತಿರೋದು.”

ಆ ಕಡೆ ಅಂಗಡಿಯ ಗದ್ದಲ ಕೇಳಿಸುತ್ತದೆ. ಇವರು ಫೈಲು ಬಿಡಿಸಿಕೊಳ್ಳುತ್ತಾರೆ.

“ಕಳಿಸಿದ್ರೆ ತಗೊಳ್ತೀರಾ?”

“ಬೇಡ. ಅಲ್ಲೇ ಮುಗಿಸಿ.”

“ಆಯ್ತು. ನಾನೂ ಹೋಗಿರ್ತೀನಿ. ಸ್ಮಶಾನದಲ್ಲಿ ಹನ್ನೊಂದನೇ ಸಾಲು, ನಾನೂರ ಆರನೇ ಜಾಗ. ಬರ್ಕೊಳ್ತೀರಾ?”

ಫೋನ್ ಇಡುವ ಸದ್ದಿಲ್ಲ. ಅಂಗಡಿಯ ಗದ್ದಲ ದೂರವಾಗಿ ಅಣ್ಣನ ದನಿ ಬರುತ್ತದೆ. “ತಡೀರಿ, ಪೆನ್ ತಗೋತೀನಿ.” ಆಮೇಲೆ, “ಸಾಲು ಎಷ್ಟಂದ್ರಿ?”

ಇವರು ಒಂದೊಂದೇ ಅಂಕಿಯನ್ನು ನಿಧಾನವಾಗಿ ಹೇಳುತ್ತಾರೆ. ಫೋನ್ ಇಟ್ಟು ಕಣ್ಣು ಒತ್ತಿಕೊಳ್ಳುತ್ತಾರೆ. ಫೈಲು ಮುಚ್ಚುವುದಿಲ್ಲ.

ಇನ್ನು ಮೂರು ತಿಂಗಳಿಗೆ ನಿವೃತ್ತಿ. ಏನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ.

“ನನ್ನ ಜಾಗಕ್ಕೆ ಬರೋರು ಪತ್ರ ಚೆನ್ನಾಗಿ ಬರೆಯೋರು ಆಗದಿದ್ರೆ ಸಾಕಮ್ಮ.”

ಸ್ಮಶಾನಕ್ಕೆ ಹೊರಡಲು ಎದ್ದವರು ಕಪಾಟಿನಲ್ಲಿ ಏನನ್ನೋ ಹುಡುಕುತ್ತಾರೆ. ಅದು ನನ್ನ ಚೀಲದಲ್ಲಿದೆ, ವಾಪಸ್ ಕೊಡಲೆಂದು ತಂದ ಕಪ್ಪು ಟೈ. ಹೋದ ತಿಂಗಳು ಬೇರೊಂದು ದೇಶದ ರಾಯಭಾರ ಕಚೇರಿಯಲ್ಲಿ ಸಂತಾಪ ಪುಸ್ತಕಕ್ಕೆ ಸಹಿ ಹಾಕಲು ಹೋಗುವಾಗ ನನ್ನ ಗಂಡ ಇವರಿಂದ ಎರವಲು ತಂದಿದ್ದರು. ಮನೆಗೆ ಮರಳಿ ಗಂಟು ಸಡಿಲಿಸಿ, ತಲೆಯ ಮೇಲಿಂದ ತೆಗೆದು ಬಾಗಿಲ ಹಿಂದೆ ನೇತುಹಾಕಿದ್ದರು. ಅವರು ಕಟ್ಟಿದ ಗಂಟು ಹಾಗೇ ಇದೆ.

“ಬಿಚ್ಚಿ ಕೊಡ್ಲಾ, ಸಾರ್?”

“ಬೇಡಮ್ಮ.”

ಎರಡೂ ಕೈಯಲ್ಲಿ ತೆಗೆದುಕೊಂಡು, ಗಂಟಿನ ಸಮೇತ ತಲೆಯ ಮೇಲಿಂದ ಹಾಕಿಕೊಳ್ಳುತ್ತಾರೆ. ಕಾಲರ್ ಮಡಚಿ ನಿಧಾನವಾಗಿ ಬಿಗಿ ಮಾಡುತ್ತಾರೆ.

“ಚೆನ್ನಾಗಿ ಕಟ್ಟಿದ್ದಾನೆ.”